ಅಪ್ಪನ ಜನತಾ ವಾಚು ಮತ್ತು ಒಂದು ಒಳ್ಳೆ ಚಿಮಟ

ಅಪ್ಪನ ಎಚ್‌ಎಂಟಿ ಜನತಾ ನಿಂತು ಎರಡು ವರ್ಷವಾಗಿತ್ತು. ಕೀ ಕೊಟ್ಟರೆ ಅರ್ಧ ನಿಮಿಷ ಓಡಿ ಸುಮ್ಮನಾಗುತ್ತಿತ್ತು. ನಾನೇ ಬಿಚ್ಚಿ ನೋಡಬೇಕು ಅನ್ನುವ ಆಸೆ ಬಹಳ ದಿನದಿಂದ ಇತ್ತು. ಆನ್‌ಲೈನಿನಲ್ಲಿ ಆರುನೂರು ರೂಪಾಯಿಗೆ ಒಂದು ಕಿಟ್ ತರಿಸಿದೆ. ಅದರಲ್ಲಿ ಹತ್ತಾರು ಸಾಮಾನು. ನೋಡಿದರೆ ಖುಷಿಯಾಗುತ್ತಿತ್ತು.

ಭಾನುವಾರ ಬೆಳಗ್ಗೆ ಕಿಟಕಿ ಪಕ್ಕ ಕೂತು ಹಿಂಬದಿ ಮುಚ್ಚಳ ತೆಗೆದೆ. ಮೊದಲ ಸ್ಕ್ರೂಗೇ ಸ್ಕ್ರೂಡ್ರೈವರಿನ ತುದಿ ತಿರುಚಿಕೊಂಡಿತು. ಕೈ ಜಾರಿ, ಒಳಗಿನ ಚಕ್ರಗಳನ್ನು ಹಿಡಿದಿಡುವ ಬ್ರಿಡ್ಜ್ ಅನ್ನುವ ಲೋಹದ ಪಟ್ಟಿಯ ಮೇಲೆ ಉದ್ದಕ್ಕೊಂದು ಗೀರು ಬಿತ್ತು. ಚಿಮಟದ ಎರಡು ತುದಿ ಸರಿಯಾಗಿ ಕೂಡುತ್ತಿರಲಿಲ್ಲ. ಹಿಡಿದಿದ್ದ ಇನ್ನೊಂದು ಸ್ಕ್ರೂ ಚಂಗನೆ ಹಾರಿ ಹೋಯಿತು. ಸಂಜೆವರೆಗೂ ನೆಲ ತಡಕಿದೆ, ಸಿಗಲಿಲ್ಲ. ಆ ಗೀರು ಕಂಡಾಗೆಲ್ಲ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ. ಅಪ್ಪ ಮೊದಲ ಸಂಬಳದಲ್ಲಿ ಕೊಂಡ ವಾಚದು.

ಮರುದಿನ ತುಮಕೂರಿನ ಒಬ್ಬ ಹಳೆಯ ರಿಪೇರಿಯವರ ಹತ್ತಿರ ಹೋದೆ. ಅವರು ಹಿಂದೆ ಅಲ್ಲಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕಣ್ಣಿಗೆ ಐ ಗ್ಲಾಸ್ ಅನ್ನುವ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಗೀರು ನೋಡಿದರು. ಬೈಯಲಿಲ್ಲ. ನನ್ನ ಕಿಟ್ಟಿನ ಸ್ಕ್ರೂಡ್ರೈವರ್ ಎತ್ತಿಕೊಂಡು, "ನೋಡಮ್ಮ, ಇದು ಮೆತ್ತನೆ ಕಬ್ಬಿಣ. ಸ್ಕ್ರೂಗಿಂತ ಮೊದಲು ಇದೇ ಬಗ್ಗುತ್ತೆ" ಅಂದರು.

"ಹಾಗಾದ್ರೆ ಏನೇನು ತಗೋಬೇಕು ಸಾರ್?"

"ಎರಡೇ. ಸ್ಕ್ರೂಡ್ರೈವರ್, ಚಿಮಟ. ದುಡ್ಡು ಇದಕ್ಕೇ ಹಾಕು. ಉಳಿದಿದ್ದು ಆಮೇಲೆ."

ಸ್ಕ್ರೂಡ್ರೈವರ್ 0.8, 1.0, 1.2, 1.6 ಮಿಲಿಮೀಟರಿನವು ಸಾಕಂತೆ. ತುದಿಯ ಅಗಲ ಸ್ಕ್ರೂ ತಲೆಯ ಕೊರಕಲಿನಷ್ಟೇ ಇರಬೇಕು. ಕಮ್ಮಿಯಾದರೆ ಕೊರಕಲಿನ ಅಂಚು ಹರಿಯುತ್ತದೆ, ಜಾಸ್ತಿಯಾದರೆ ಪಕ್ಕದ ಲೋಹಕ್ಕೆ ಗಾಯ. ತುದಿ ಸವೆದಾಗ ಎಣ್ಣೆಕಲ್ಲಿನ ಮೇಲೆ ಮಸೆದುಕೊಳ್ಳಬೇಕು. ಹೊಸದು ತಂದರೂ ಒಮ್ಮೆ ಮಸೆದೇ ಕೆಲಸಕ್ಕೆ ಕೂರುವುದು ಅವರ ಪದ್ಧತಿ. ಚಿಮಟ ಕೊಳ್ಳುವಾಗ ತಲೆಯ ಒಂದು ಕೂದಲು ಹಿಡಿದು ನೋಡು ಅಂದರು. ಕೂದಲು ಜಾರದಿದ್ದರೆ ಅದು ಒಳ್ಳೆ ಚಿಮಟ. ಅಯಸ್ಕಾಂತ ಹಿಡಿಯದ ಲೋಹದ್ದಾದರೆ ಇನ್ನೂ ಒಳ್ಳೇದು. ವಾಚಿನ ವೇಗ ಕಾಯುವ ತೆಳ್ಳನೆ ಸುರುಳಿಗೆ, ಅಂದರೆ ಹೇರ್‌ಸ್ಪ್ರಿಂಗಿಗೆ, ಅಯಸ್ಕಾಂತದ ಗುಣ ಅಂಟಿದರೆ ಅದರ ಸುರುಳಿಗಳು ಒಂದಕ್ಕೊಂದು ಕಚ್ಚಿಕೊಂಡು ವಾಚು ವಿಪರೀತ ಮುಂದೆ ಓಡುತ್ತದೆ. ಸ್ವಿಸ್‌ನ ಬರ್ಜಿಯಾನ್, ಡ್ಯೂಮಾಂಟ್ ಕಂಪನಿಗಳ ಹೆಸರುಗಳನ್ನೂ ಹೇಳಿದರು. ಅವುಗಳ ಬೆಲೆ ಕೇಳಿ ನಾನು ಸುಮ್ಮನಾದೆ. ಕೊನೆಗೆ ಡ್ಯೂಮಾಂಟ್ ಚಿಮಟ ಒಂದನ್ನು ಮಾತ್ರ ತರಿಸಿಕೊಂಡೆ. ಸ್ಕ್ರೂಡ್ರೈವರಿಗೆ ಮಧ್ಯಮ ಬೆಲೆಯವನ್ನೇ ಆರಿಸಿದೆ. ಆ ತೀರ್ಮಾನದ ಬಗ್ಗೆ ಇವತ್ತಿಗೂ ನನಗೆ ಸಮಾಧಾನ ಇದೆ.

ಹೊರಡುವಾಗ ಒಂದು ಹಳೇ ಡಬ್ಬಿಯಿಂದ ಧೂಳು ಹಿಡಿದ ಎಚ್‌ಎಂಟಿ ಮೂವ್‌ಮೆಂಟ್, ಅಂದರೆ ವಾಚಿನ ಒಳಗಿನ ಯಂತ್ರ, ತೆಗೆದುಕೊಟ್ಟರು. ಡಯಲ್ ಇಲ್ಲ, ಮುಳ್ಳಿಲ್ಲ. "ಇದನ್ನ ಬಿಚ್ಚು, ಜೋಡಿಸು. ಅಪ್ಪನ ವಾಚು ಆಮೇಲೆ ಮುಟ್ಟುವೆಯಂತೆ." 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾಯಿತು. ಕಂಪನಿಯ ವಾಚು ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ಈಗ ಅವರಿಗೆ ಬಿಡಿಭಾಗ ಸಿಗುವುದು ಇಂಥ ಸತ್ತ ವಾಚುಗಳಿಂದಲೇ. ಅದರಲ್ಲೊಂದನ್ನು ನನ್ನ ಕೈಗೆ ಕೊಟ್ಟರಲ್ಲ, ಅದು ಸಣ್ಣ ಮಾತಲ್ಲ.

ಮುಂದಿನ ಮೂರು ಭಾನುವಾರ ಬಿಳಿ ಬಟ್ಟೆ ಹಾಸಿ ಅದರ ಮುಂದೆಯೇ ಕೂತೆ. ಬಿಳಿ ಬಟ್ಟೆಯ ಮೇಲೆ ಬಿದ್ದ ಸ್ಕ್ರೂ ಕಣ್ಣಿಗೆ ಕಾಣುತ್ತದೆ. ಒಂದೊಂದು ಭಾಗ ತೆಗೆಯುವ ಮೊದಲೂ ಮೊಬೈಲಿನಲ್ಲಿ ಒಂದು ಫೋಟೋ. ಮೊದಲು ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗಿನ ಬಿಗಿ ಇಳಿಸಬೇಕು. ಕೀ ಬೆರಳಲ್ಲಿ ಹಿಡಿದು, ಸ್ಪ್ರಿಂಗ್ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ತಡೆಯುವ ಕ್ಲಿಕ್ಕನ್ನು ಪಕ್ಕಕ್ಕೆ ಸರಿಸಿ, ಕೀ ಮೆಲ್ಲಗೆ ತಿರುಗಲು ಬಿಡುವುದು. ಈ ಬಿಗಿ ಇಳಿಸದೆ, ಚಕ್ರಗಳನ್ನು ತಡೆತಡೆದು ಬಿಡುವ ಪ್ಯಾಲೆಟ್ ಫೋರ್ಕ್ ತೆಗೆದರೆ ಚಕ್ರಗಳೆಲ್ಲ ರಭಸದಿಂದ ಸುತ್ತಿ ಅವುಗಳ ಹಲ್ಲು, ಅಚ್ಚಿನ ಮೊನೆ ಹಾಳಾಗಬಹುದು. ಆಮೇಲೆ ಅತ್ತಿತ್ತ ತೂಗಾಡುವ ಬ್ಯಾಲೆನ್ಸ್ ಚಕ್ರ, ಪ್ಯಾಲೆಟ್ ಫೋರ್ಕ್, ಕೊನೆಗೆ ಬ್ರಿಡ್ಜ್ ಮತ್ತು ಚಕ್ರಗಳು.

ಬಿಚ್ಚೋದು ಸುಲಭ. ಜೋಡಿಸುವಾಗ ನಾಲ್ಕು ಚಕ್ರಗಳ ಕೂದಲೆಳೆಯಂಥ ಮೊನೆಗಳು ಒಟ್ಟಿಗೇ ಬ್ರಿಡ್ಜಿನಲ್ಲಿ ಕೂರಿಸಿದ ಪುಟ್ಟ ಕಲ್ಲುಗಳ ತೂತಿಗೆ ಕೂರಬೇಕು. ಒತ್ತಿದರೆ ಮುರಿಯುತ್ತವೆ. ಚಿಮಟದ ತುದಿಯಿಂದ ಒಂದೊಂದನ್ನೇ ಸವರುತ್ತ, ಬ್ರಿಡ್ಜನ್ನು ಬೆರಳಿನ ಭಾರದಷ್ಟೇ ಮುಟ್ಟುತ್ತ ಕಾಯಬೇಕು. ಒಂದು ದಿನ ಇದಕ್ಕೇ ಎರಡು ಗಂಟೆ ಹಿಡಿಯಿತು. ಬ್ರಿಡ್ಜ್ ತಾನಾಗಿ ಟಕ್ ಅಂತ ಕೂತಾಗ ನಾನು ಉಸಿರೇ ಬಿಟ್ಟಿರಲಿಲ್ಲ.

ಆರನೇ ಸಲ ಜೋಡಿಸಿ, ನಾಲ್ಕು ಸುತ್ತು ಕೀ ಕೊಟ್ಟೆ. ಬ್ಯಾಲೆನ್ಸ್ ಆಡತೊಡಗಿತು. ಸೆಕೆಂಡಿಗೆ ಐದು ಸಲ ಟಿಕ್ ಅನ್ನುವ ಆ ಸದ್ದನ್ನು ಅಪ್ಪನನ್ನು ಕರೆದು ಕೇಳಿಸಿದೆ. ಮಾರನೇ ದಿನ ತುಮಕೂರಿಗೆ ತೆಗೆದುಕೊಂಡು ಹೋದೆ.

ಅದು ಓಡುತ್ತಿದೆಯಾ ಅಂತ ಅವರು ಕೇಳಲೇ ಇಲ್ಲ. ಐ ಗ್ಲಾಸ್ ಹಾಕಿಕೊಂಡು ಒಂದೊಂದೇ ಸ್ಕ್ರೂವಿನ ತಲೆ ನೋಡುತ್ತ ಹೋದರು. ಬಹಳ ಹೊತ್ತು ನೋಡಿದರು.

"ಒಂದರ ತಲೆಯೂ ಹರಿದಿಲ್ಲ. ಬರೋ ಸೋಮವಾರ ಅಪ್ಪನ ವಾಚು ತಗೊಂಡು ಬಾ. ಕಳೆದುಹೋದ ಸ್ಕ್ರೂ ನಾನು ಹುಡುಕಿ ಇಟ್ಟಿರ್ತೀನಿ."