ಬೈಬಲ್ ಇರುವಾಗ ಹಳಬರ ಮಾತು ಏಕೆ ಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬಳ್ಳಾರಿಯಲ್ಲಿ ನಾವು ಕೆಲವರು ಸೇರಿ ನಡೆಸುವ ಬೈಬಲ್ ಅಧ್ಯಯನದಲ್ಲಿ ನಾನು ಆಗಾಗ ಹಿಂದಿನ ಶತಮಾನಗಳ ಕ್ರೈಸ್ತ ಚಿಂತಕರ ಮಾತನ್ನು ಎತ್ತುವುದುಂಟು. ಹೊಸದಾಗಿ ಬಂದವರು ಒಂದು ಪ್ರಶ್ನೆ ಕೇಳದೆ ಹೋಗುವುದಿಲ್ಲ: ‘ದೇವರ ವಾಕ್ಯವೇ ಕೈಯಲ್ಲಿರುವಾಗ, ಎಲ್ಲೋ ಎಂದೋ ಬದುಕಿದ ಈ ಮನುಷ್ಯರ ಮಾತು ನಮ್ಮ ದಿನದ ಬದುಕಿಗೆ ಏಕೆ ಬೇಕು ಸರ್?’

ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ವಾಕ್ಯವೂ ನಮಗೆ ಮನುಷ್ಯರ ಮೂಲಕವೇ ಬಂದಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿ ಕುಳಿತು ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದ್ದರಿಂದಲೇ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಹಳೆಯ ಚಿಂತಕರು ವಾಕ್ಯಕ್ಕೆ ಏನನ್ನೂ ಸೇರಿಸುವುದಿಲ್ಲ. ಧಾರಣೆ, ಸಾಲ, ಅಡುಗೆಮನೆ, ಉಗ್ರಾಣಗಳ ನಡುವೆ ಆ ವಾಕ್ಯವನ್ನು ನಡೆಸಿ ತೋರಿಸುತ್ತಾರೆ. ನಾನು ಅವರಲ್ಲಿ ಹುಡುಕುವುದು ಅಷ್ಟನ್ನೇ.

ನನಗೆ ಎಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬಂದವರು ನಾಲ್ಕನೆಯ ಶತಮಾನದ ಸಂತ ಬೆಸಿಲ್. ಇಂದಿನ ತುರ್ಕಿಯಲ್ಲಿರುವ ಕೈಸರೈಯ ಎಂಬ ಊರಿಗೆ ಸುಮಾರು 368ರಲ್ಲಿ ಭೀಕರ ಬರ ಬಂತು. ಆಗ ಅವರಿನ್ನೂ ಬಿಷಪ್ ಆಗಿರಲಿಲ್ಲ. ದೊಡ್ಡ ಪಾತ್ರೆಗಳಲ್ಲಿ ಬೇಯಿಸಿದ ಆಹಾರವನ್ನು ಹಸಿದವರಿಗೆ ಅವರು ತಮ್ಮ ಕೈಯಾರೆ ಬಡಿಸಿದರೆಂದೂ, ತಮ್ಮ ಉಪದೇಶದಿಂದಲೇ ಉಳ್ಳವರ ಕಣಜಗಳ ಬಾಗಿಲು ತೆರೆಸಿದರೆಂದೂ ಅವರ ಗೆಳೆಯ ನಾಜಿಯಾಂಜಸ್‌ನ ಗ್ರೆಗೊರಿ ಬರೆದಿಟ್ಟಿದ್ದಾರೆ. ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ, ಬೆಳೆ ಹೆಚ್ಚಾಯಿತೆಂದು ಕಣಜಗಳನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸಲು ಹೊರಟ ಐಶ್ವರ್ಯವಂತನ ಕಥೆಯಿದೆಯಲ್ಲ, ಅದರ ಮೇಲೆ ಅವರು ಮಾಡಿದ ಪ್ರಸಂಗ, ಅಂದರೆ ಚರ್ಚಿನ ಉಪದೇಶ, ಇಂದಿಗೂ ಉಳಿದಿದೆ. ನೀನು ಹಿಡಿದಿಟ್ಟುಕೊಂಡ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಬೆತ್ತಲೆ ಇರುವವನದು, ನಿನ್ನ ಮನೆಯಲ್ಲಿ ಕೊಳೆಯುತ್ತಿರುವ ಜೋಡು ಬರಿಗಾಲಿನವನದು ಎಂದು ಅವರು ಅದರಲ್ಲಿ ಹೇಳುತ್ತಾರೆ. ಅದಕ್ಕಿಂತ ಮುಂಚೆ, ಉಳಿದವರ ಹೊಟ್ಟೆ ತುಂಬಿಸಲು ಯಾವ ಮಗುವನ್ನು ಮಾರಲಿ ಎಂದು ಒದ್ದಾಡುವ ತಂದೆಯೊಬ್ಬನನ್ನು ನಮ್ಮ ಮುಂದೆ ತಂದು ನಿಲ್ಲಿಸುತ್ತಾರೆ. ಧಾನ್ಯವನ್ನು ಬಿಗಿಹಿಡಿದವನನ್ನು ಜನರು ಶಪಿಸುವರು ಎಂಬ, ಬೈಬಲಿನ ಜ್ಞಾನೋಕ್ತಿ ಪುಸ್ತಕದ ಮಾತನ್ನು ನೆನಪಿಸಿ, ಧಾರಣೆ ಏರಲೆಂದು ಬರಗಾಲವನ್ನೇ ಕಾಯಬೇಡ ಎನ್ನುತ್ತಾರೆ.

1876–78ರ ಬರದಲ್ಲಿ ನಲುಗಿದ ಬಳ್ಳಾರಿಯಲ್ಲಿ ಕುಳಿತು ಇದನ್ನು ಓದುವವನಿಗೆ ಕೈಸರೈಯ ದೂರದ ಊರೆನಿಸುವುದಿಲ್ಲ. ಮೆಣಸಿನಕಾಯಿ, ಭತ್ತ, ಹತ್ತಿಗಳನ್ನು ಗೋದಾಮಿನಲ್ಲಿಟ್ಟು ಧಾರಣೆ ಏರುವವರೆಗೆ ಕಾಯುವುದು ನಮ್ಮಲ್ಲಿ ತಪ್ಪೆಂದು ಯಾರೂ ಭಾವಿಸುವುದಿಲ್ಲ. ಸಾಲ ತೀರಿಸಬೇಕಾದ ಸಣ್ಣ ರೈತ ನಾಲ್ಕು ಚೀಲ ಉಳಿಸಿಕೊಂಡು ಕಾದರೆ ಅದು ತಪ್ಪೆಂದು ನಾನೂ ಹೇಳಲಾರೆ. ಆದರೆ ಕಾಯುವ ಶಕ್ತಿ ಯಾರಿಗಿದೆ, ಆ ಕಾಯುವಿಕೆಯ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳಿಕೊಳ್ಳುವುದನ್ನು ಬೆಸಿಲ್ ಕಲಿಸುತ್ತಾರೆ. ಅದೇ ಪ್ರಸಂಗದಲ್ಲಿ, ಸೇದುವ ಬಾವಿಯ ನೀರು ತಿಳಿಯಾಗಿರುತ್ತದೆ, ಸೇದದೆ ಬಿಟ್ಟ ಬಾವಿ ಕೊಳೆಯುತ್ತದೆ, ಹಣವೂ ಹಾಗೆಯೇ ಎಂಬ ಮಾತೂ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರು ನೀರನ್ನೆಲ್ಲ ಭತ್ತಕ್ಕೆ ಹರಿಸಿಕೊಂಡಾಗ ರಾಯಚೂರಿನ ಕೊನೆ ಭಾಗದ ರೈತರ ಗತಿ ಏನಾಗುತ್ತದೆಂದು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೌಕರಿಯಲ್ಲಿರುವವರಿಗೆ ನಾನು ಆರನೆಯ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮವನ್ನು ಸೂಚಿಸುತ್ತೇನೆ. ಅದರ 73 ಅಧ್ಯಾಯಗಳಲ್ಲಿ 31ನೆಯದು ಉಗ್ರಾಣಿಯನ್ನು ಕುರಿತದ್ದು: ಅವನು ಮಠದ ಪಾತ್ರೆ ಪರಿಕರಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ನೋಡಿಕೊಳ್ಳಬೇಕು, ಕೇಳಿದ್ದನ್ನು ಕೊಡಲು ಇಲ್ಲದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಕೊಡಬೇಕು. ಸರಕಾರಿ ಕಚೇರಿಯ ಕಿಟಕಿಯ ಹಿಂದೆ ಕುಳಿತು ದಿನಕ್ಕೆ ಹತ್ತಾರು ಜನರಿಗೆ ‘ಇಲ್ಲ’ ಎನ್ನಬೇಕಾದವರಿಗೆ ಈ ಎರಡನೆಯ ಸೂಚನೆಯೊಂದೇ ಸಾಕಾಗುವಷ್ಟಿದೆ. ಹದಿನೇಳನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಮಠದ ಅಡುಗೆಯವರಾಗಿದ್ದ ಬ್ರದರ್ ಲಾರೆನ್ಸ್ ಅವರನ್ನೂ ಜನ ತುಂಬ ಮೆಚ್ಚುತ್ತಾರೆ. ಆದರೆ ಅಡುಗೆ ಕೆಲಸವೆಂದರೆ ಅವರಿಗೆ ಸ್ವಭಾವತಃ ಆಗುತ್ತಿರಲಿಲ್ಲ ಎಂಬ ಸಂಗತಿಯನ್ನು ಬಿಟ್ಟು, ಪಾತ್ರೆಗಳ ಸದ್ದಿನ ನಡುವೆ ದೇವರನ್ನು ಕಂಡರೆಂಬುದನ್ನಷ್ಟೇ ಹೇಳಿದರೆ ಅವರ ಮಾತಿನ ಅರ್ಧ ತೂಕ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮೊಬೈಲಿನಲ್ಲಿ ಚಿತ್ರದೊಡನೆ ಬರುವ ಸಂತರ ನುಡಿಗಳಲ್ಲಿ ಅನೇಕವು ಅವರವಲ್ಲ. ‘ನಿನ್ನ ಶಾಂತಿಯ ಸಾಧನವನ್ನಾಗಿ ನನ್ನನ್ನು ಮಾಡು’ ಎಂಬ ಪ್ರಾರ್ಥನೆ ಅಸ್ಸಿಸಿಯ ಸಂತ ಫ್ರಾನ್ಸಿಸರದೆಂದು ನಾವೆಲ್ಲ ನಂಬಿದ್ದೇವೆ. ಫ್ರಾನ್ಸಿಸರು ತೀರಿಕೊಂಡದ್ದು 1226ರಲ್ಲಿ; ಆ ಪ್ರಾರ್ಥನೆ ಮೊದಲು ಅಚ್ಚಾದದ್ದು 1912ರಲ್ಲಿ, ಫ್ರೆಂಚ್ ಪತ್ರಿಕೆಯೊಂದರಲ್ಲಿ, ಬರೆದವರ ಹೆಸರಿಲ್ಲದೆ. ಪ್ರಾರ್ಥನೆ ಚೆನ್ನಾಗಿಯೇ ಇದೆ, ಅದನ್ನು ಹೇಳಲು ಅಡ್ಡಿಯೇನಿಲ್ಲ. ಸಂತರ ಹೆಸರನ್ನು ಮುದ್ರೆಯಂತೆ ಒತ್ತುವುದಷ್ಟೇ ಬೇಡ. ನಿಜವಾಗಿ ಅವರದೇ ಆದ ಮಾತನ್ನೂ ತೂಗಿ ನೋಡಬೇಕು. ಚರ್ಚಿನಲ್ಲಿ ಕ್ರಿಸ್ತನನ್ನು ರೇಷ್ಮೆಯಿಂದ ಗೌರವಿಸಿ ಹೊರಗೆ ಚಳಿಯಲ್ಲಿ ಬೆತ್ತಲೆ ನಿಂತ ಅದೇ ಕ್ರಿಸ್ತನನ್ನು ಕಡೆಗಣಿಸಬೇಡಿ ಎಂದು ಹೇಳಿದ ಸಂತ ಜಾನ್ ಕ್ರಿಸೊಸ್ತೋಮರೇ, ಸುಮಾರು 386–87ರಲ್ಲಿ ಅಂತಿಯೋಕ್ಯದಲ್ಲಿ ಯೆಹೂದ್ಯರ ವಿರುದ್ಧ ವಿಷಕಾರುವ ಪ್ರಸಂಗಗಳನ್ನೂ ಮಾಡಿದರು. ಮೊದಲನೆಯ ಮಾತು, ಹಸಿದವರಿಗೂ ಬೆತ್ತಲೆ ಇರುವವರಿಗೂ ಮಾಡಿದ್ದು ನನಗೇ ಮಾಡಿದ್ದು ಎಂದು ಕ್ರಿಸ್ತನು ಹೇಳುವ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯಕ್ಕೆ ಸರಿಹೊಂದುತ್ತದೆ. ಎರಡನೆಯದು ಸರಿಹೊಂದುವುದಿಲ್ಲ, ಆದ್ದರಿಂದ ಅದನ್ನು ಸಂತರೇ ಹೇಳಿದ್ದರೂ ಬಿಡಬೇಕು. ‘ಮನುಷ್ಯರ ಮಾತು’ ಎಂಬ ಆಕ್ಷೇಪಕ್ಕೆ ಬೆಲೆ ಬರುವುದು ಇಲ್ಲಿಯೇ.

ಹೆಂಗಸರು ಬೇರೊಂದು ಪ್ರಶ್ನೆ ಸೇರಿಸುತ್ತಾರೆ: ಇವರೆಲ್ಲ ಗಂಡಸರು, ಅದರಲ್ಲೂ ಸಂಸಾರವಿಲ್ಲದವರು, ಅಲ್ಲವೇ? ಅವರಿಗೆ ನಾನು ಪಂಡಿತಾ ರಮಾಬಾಯಿಯವರ ಹೆಸರು ಹೇಳುತ್ತೇನೆ. ಕಾರ್ಕಳದ ಕಡೆಯ ಮಾಳದಲ್ಲಿ ಬೇರುಗಳಿದ್ದ, 1858ರಲ್ಲಿ ಹುಟ್ಟಿದ ಈ ಸಂಸ್ಕೃತ ವಿದುಷಿ ಎಳೆಯ ವಯಸ್ಸಿನಲ್ಲೇ ಹಸಿವು ಮತ್ತು ಅಲೆದಾಟದಲ್ಲಿ ತಂದೆತಾಯಿಯನ್ನು ಕಳೆದುಕೊಂಡರು, ಮುಂದೆ ಮಗುವಿದ್ದಾಗಲೇ ವಿಧವೆಯಾದರು, ಕ್ರೈಸ್ತರಾದ ಮೇಲೆ 1896–97ರ ಬರದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಆಶ್ರಯ ಕೊಟ್ಟರು. ಬೆಸಿಲರ ಪ್ರಸಂಗಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ.

ಯಾರಿಂದ ಆರಂಭಿಸಬೇಕೆಂದು ಕೇಳಿದರೆ, ಲೂಕ 12ನ್ನೂ ಬೆಸಿಲರ ಆ ಕಣಜದ ಪ್ರಸಂಗವನ್ನೂ ಒಟ್ಟಿಗೆ ಇಟ್ಟುಕೊಂಡು ಒಂದೇ ಕೂತಿಗೆ ಓದಿ ಎನ್ನುತ್ತೇನೆ. ವ್ಯಾಪಾರ ಮಾಡುವವರಾದರೆ ಸುಗ್ಗಿಗೆ ಮುಂಚೆ, ಗೋದಾಮಿನ ಬಾಡಿಗೆ ಮಾತಾಡುವುದಕ್ಕಿಂತ ಮೊದಲೇ ಓದುವುದು ಒಳ್ಳೆಯದು.