ಹಚ್ಚೆ ಹೋಗೋಕೆ ಏನು ಹಚ್ಚಬೇಕು ಡಾಕ್ಟ್ರೇ?

ನಾನು ಚರ್ಮದ ಡಾಕ್ಟರ್ ಅಂತ ಗೊತ್ತಾದರೆ ಸಾಕು, ಮದುವೆ ಮನೆಯಲ್ಲೂ ಯಾರಾದರೂ ತೋಳು ಮಡಚಿ ಟ್ಯಾಟೂ ತೋರಿಸುತ್ತಾರೆ. "ಇದು ಹೋಗೋಕೆ ಏನು ಹಚ್ಚಬೇಕು?"

ಏನೂ ಹಚ್ಚಬೇಡಿ. ನನ್ನ ಮೊದಲ ಉತ್ತರ ಯಾವಾಗಲೂ ಇದೇ.

ಹಚ್ಚೆಯ ಬಣ್ಣ ಇರುವುದು ಚರ್ಮದ ಮೇಲಿನ ಪದರದಲ್ಲಿ ಅಲ್ಲ, ಅದರ ಕೆಳಗಿನ ಪದರದಲ್ಲಿ. ಅಲ್ಲಿ ನಮ್ಮ ಮೈ ಕಾಯುವ ಜೀವಕೋಶಗಳು ಬಣ್ಣದ ಕಣಗಳನ್ನು ನುಂಗಿ ಇಟ್ಟುಕೊಂಡಿರುತ್ತವೆ. ಕಣ ದೊಡ್ಡದು, ಕರಗಿಸಲು ಆಗುವುದಿಲ್ಲ. ಅಜ್ಜಿಯಂದಿರ ಕೈಯ ಹಚ್ಚೆ ಕೊನೆಯವರೆಗೂ ಉಳಿಯುವುದು ಅದಕ್ಕೇ. ಅಷ್ಟು ಆಳದ ಬಣ್ಣವನ್ನು ಕೀಳುವ ಕ್ರೀಮ್ ಅಂದರೆ ಅದು ಚರ್ಮವನ್ನೇ ಸುಡುವ ಆಸಿಡ್, ಅಷ್ಟೇ.

ಒಬ್ಬ ಹುಡುಗ ಬಂದಿದ್ದ. ಬಲ ಮುಂಗೈ ಮೇಲೆ ಹೆಸರು. ಅರೆಸೇನಾ ಪಡೆಯ ನೇಮಕಾತಿಗೆ ಹೊರಟವನು. ಅಲ್ಲಿ ಸೆಲ್ಯೂಟ್ ಹೊಡೆಯುವ ಬಲ ಮುಂಗೈಯಲ್ಲಿ ಹಚ್ಚೆ ಇರುವಂತಿಲ್ಲ. ಮೆಡಿಕಲ್‌ಗೆ ಎರಡೇ ತಿಂಗಳಿತ್ತು. ಯಾರದೋ ಮಾತು ಕೇಳಿ ಸುಣ್ಣ, ಸೋಡಾ ಕಲಸಿ ಹಚ್ಚಿಕೊಂಡಿದ್ದ. ಚರ್ಮ ಬೆಂದಿತ್ತು, ಅದರ ನಡುವೆ ಅಕ್ಷರಗಳನ್ನು ಇನ್ನೂ ಓದಬಹುದಿತ್ತು. ಆರು ತಿಂಗಳು ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಅಂತ ಈಗಲೂ ಸಂಕಟವಾಗುತ್ತದೆ.

ಸದ್ಯಕ್ಕೆ ನಂಬಬಹುದಾದ ದಾರಿ ಲೇಸರ್. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲು ಹೊತ್ತು ಬೆಳಕು ಬಿದ್ದು ಕಣವನ್ನು ಪುಡಿ ಮಾಡುತ್ತದೆ. ಆ ಪುಡಿಯನ್ನು ಮೈ ತಾನೇ ನಿಧಾನವಾಗಿ ಸಾಗಿಸುತ್ತದೆ. ಈ ಸಾಗಿಸುವ ಕೆಲಸಕ್ಕೇ ಸಮಯ ಬೇಕು. ಹಾಗಾಗಿ ಒಂದು ಸಿಟ್ಟಿಂಗ್‌ಗೂ ಇನ್ನೊಂದಕ್ಕೂ ಆರರಿಂದ ಎಂಟು ವಾರ ಬಿಡುತ್ತೇವೆ. ಅಂಗಡಿಯ ವೃತ್ತಿಪರ ಟ್ಯಾಟೂಗೆ ಆರು, ಎಂಟು, ಕೆಲವೊಮ್ಮೆ ಹತ್ತಕ್ಕೂ ಜಾಸ್ತಿ ಸಿಟ್ಟಿಂಗ್ ಬೇಕು. ಅಂದರೆ ಒಂದು ವರ್ಷ, ಒಂದೂವರೆ ವರ್ಷ. ಸಿಗರೇಟು ಸೇದುವವರಲ್ಲಿ ಇನ್ನೂ ನಿಧಾನ.

ನಮ್ಮಂಥ ಕಂದು ಚರ್ಮಕ್ಕೆ ಯಾವ ಲೇಸರ್ ಅನ್ನುವುದು ಮುಖ್ಯ. ಕಪ್ಪು ಬಣ್ಣಕ್ಕೆ ಎನ್‌ಡಿ ಯಾಗ್ ಅನ್ನುವ ಲೇಸರ್ ಒಳ್ಳೆಯದು, ಅದರ ಬೆಳಕಿನ ಅಲೆಯ ಉದ್ದ 1064 ನ್ಯಾನೋಮೀಟರ್. ಅದನ್ನು ಚರ್ಮದ ಸ್ವಂತ ಬಣ್ಣ ಕಡಿಮೆ ಹೀರುತ್ತದೆ, ಹಾಗಾಗಿ ಸುಟ್ಟು ಬಿಳಿ ಮಚ್ಚೆ ಬೀಳುವ ಅಪಾಯ ಕಡಿಮೆ. ಕೆಂಪಿಗೆ 532 ನ್ಯಾನೋಮೀಟರ್‌ನ ಬೆಳಕು ಬೇಕು, ಅಲ್ಲಿ ಎಚ್ಚರವೂ ಹೆಚ್ಚು ಬೇಕು. ಹಸಿರು, ಹಳದಿ ಹಟಮಾರಿ ಬಣ್ಣಗಳು. ಬಿಳಿ ಇಂಕು, ಹುಬ್ಬು ತುಟಿಗೆ ಹಾಕಿಸಿದ ಬಣ್ಣ ಲೇಸರ್ ಬಿದ್ದ ಕೂಡಲೇ ಕಪ್ಪಾಗಿಬಿಡಬಹುದು. ಅದಕ್ಕೇ ಮೊದಲು ಒಂದು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿ ನೋಡಿ ಅಂತ ನೀವೇ ಕೇಳಿ. ಕೂದಲು ತೆಗೆಯುವ ಮೆಷಿನ್‌ನಲ್ಲೇ ಹಚ್ಚೆಯನ್ನೂ ತೆಗೆಯುತ್ತೇವೆ ಅನ್ನುವ ಪಾರ್ಲರ್‌ನಿಂದ ಎದ್ದು ಬನ್ನಿ.

ನೋವು ಇರುತ್ತದೆ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ, ಬಿಸಿ ಎಣ್ಣೆ ಸಿಡಿದ ಹಾಗೆ. ಮರಗಟ್ಟಿಸುವ ಕ್ರೀಮನ್ನು ಮೊದಲೇ ಹಚ್ಚಿ ಕೂರಿಸುತ್ತೇವೆ. ಆಮೇಲೆ ಗುಳ್ಳೆ ಎದ್ದರೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ, ಬಿಸಿಲಿಗೆ ಒಡ್ಡಬೇಡಿ. ಗಾಯವಾದಲ್ಲೆಲ್ಲ ಚರ್ಮ ಗಂಟು ಕಟ್ಟುವ ಮೈ ನಿಮ್ಮದಾದರೆ ಮೊದಲೇ ಹೇಳಿ.

ಬೆರಳುಗುರುತಿನಷ್ಟು ಚಿಕ್ಕ ಹಚ್ಚೆಯಾದರೆ ಕೊಯ್ದು ಹೊಲಿಗೆ ಹಾಕಿಯೂ ತೆಗೆಯಬಹುದು. ಒಂದೇ ಸಲಕ್ಕೆ ಮುಗಿಯುತ್ತದೆ, ಬದಲಿಗೆ ಒಂದು ಗೆರೆ ಉಳಿಯುತ್ತದೆ. ಅವಸರ ಇದ್ದವರಿಗೆ ನಾನು ಇದನ್ನೂ ಹೇಳುತ್ತೇನೆ.