ನಾಲ್ಕು ಕಂಬ, ನಾಲ್ಕು ಶೀಟು ಸಾಲದಾ?

ಜೂನ್ ಬಂತೆಂದರೆ ಪಂಚಾಯಿತಿ ಕಚೇರಿಯಿಂದ ಹಾರ್ಡ್‌ವೇರ್ ಅಂಗಡಿಯವರೆಗೆ ಎಲ್ಲರದೂ ಇದೇ ಪ್ರಶ್ನೆ: "ಗುಡ್ಡದ ಬರೆ ಕುಸಿದು ಮನೆ ಕಳಕೊಂಡವರಿಗೆ ನಾಲ್ಕು ಕಂಬ ನೆಟ್ಟು ನಾಲ್ಕು ಶೀಟು ಹೊದಿಸಿದರೆ ಮುಗೀತಲ್ಲ ಸಾರ್, ಅದಕ್ಕೂ ಪ್ಲಾನು, ಎಂಜಿನಿಯರು ಯಾಕೆ?"

ಬಯಲುಸೀಮೆಯಲ್ಲಾದರೆ ಹೇಗೋ ನಡೆದೀತು. ಮಡಿಕೇರಿ ಸುತ್ತ ವರ್ಷದ ಮಳೆ 3,000 ಮಿ.ಮೀ. ದಾಟುತ್ತದೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಇಲ್ಲಿ ಮೊದಲು ನೀರಿನ ಲೆಕ್ಕ, ಗೋಡೆ ಆಮೇಲೆ. ಅದೂ ಒಂದೇ ಮಳೆಗಾಲದ ಲೆಕ್ಕವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತಕ್ಕೆ ಮನೆ ಕಳಕೊಂಡವರಲ್ಲಿ ಹಲವರಿಗೆ ಜಂಬೂರು, ಮದೆನಾಡಿನಲ್ಲಿ ಹೊಸ ಮನೆ ಸಿಕ್ಕಿದ್ದು 2020ರಲ್ಲಿ. ಟಾರ್ಪಾಲು ಮೊದಲ ಕೆಲವು ವಾರಕ್ಕೆ ಸರಿ. ಕಾಯಂ ಮನೆ ಸಿಗುವವರೆಗಿನ ಶೆಡ್ ಮಾತ್ರ ಎರಡು ಮಳೆಗಾಲ ತಾಳಲೇಬೇಕು.

ಅತಿ ದುಬಾರಿ ತಪ್ಪು ಆಗುವುದು ಜಾಗದಲ್ಲಿ. ಇಳಿಜಾರಿನ ಪೈಸಾರಿ (ಸರ್ಕಾರಿ) ಜಾಗ ಸಿಗುತ್ತದೆ, ಜೆಸಿಬಿ ಬಂದು ಎರಡೇ ದಿನದಲ್ಲಿ ಸಮ ಮಾಡುತ್ತದೆ. ಮೇಲ್ಗಡೆ ನೆಟ್ಟಗೆ ಕಡಿದ ಬರೆ, ಕೆಳಗಡೆ ಸಡಿಲ ಮಣ್ಣಿನ ರಾಶಿ. ಕುಸಿತಕ್ಕೆ ಇನ್ನೇನು ಬೇಕು? ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ಸಾಧ್ಯತಾ ನಕ್ಷೆಯನ್ನು ಮೊದಲು ನೋಡಿ, ಆಮೇಲೆ ಜಾಗ ಸುತ್ತಿ. ನೆಲದಲ್ಲಿ ಬಿರುಕು, ವಾಲಿದ ಸಿಲ್ವರ್ ಓಕ್ ಮರಗಳು, ಹಿಂದೆ ಇಲ್ಲದ ಕಡೆ ಹೊಸ ಒರತೆ ಕಂಡರೆ ಅಲ್ಲಿಗೇ ಬಿಡಿ. ಬರೆಯ ಬುಡದಿಂದ ಅದರ ಎತ್ತರದಷ್ಟಾದರೂ ದೂರ ಇರಬೇಕು. ತೋಡಿನ (ಹಳ್ಳದ) ದಾರಿಯಲ್ಲಿ ಮಾತ್ರ ಎಷ್ಟು ದೂರವೂ ಭರವಸೆಯಲ್ಲ, ಕೆಸರು ಬಂಡೆ ಹೊತ್ತು ಬಹಳ ದೂರ ಹರಿಯುತ್ತದೆ.

ಮಣ್ಣು ಅಗೆಯದೆ ಸಿಗುವ ಸಮತಟ್ಟು ಜಾಗ ಕಾಫಿ ಒಣಗಿಸುವ ಕಣ. ಮಳೆಗಾಲದಲ್ಲಿ ಅದು ಖಾಲಿ, ನೀರು ಹರಿಯುವ ವಾಟವೂ ಇರುತ್ತದೆ. ಆದರೆ ಕಣದ ಕಾಂಕ್ರೀಟ್ ತೆಳು, ಆ್ಯಂಕರ್ ಬೋಲ್ಟ್ ಹೊಡೆದರೆ ಗಾಳಿಗೆ ಕಿತ್ತು ಬರುತ್ತದೆ. 200 ಲೀಟರ್ ಡ್ರಮ್ಮಿನೊಳಗೆ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿ. ತೂಕ 450 ಕೆ.ಜಿ. ದಾಟುತ್ತದೆ. ಕಂಬವನ್ನು ಆ ಪೈಪಿಗೆ ಇಳಿಸಿ ಬೋಲ್ಟ್ ಹಾಕಿ. ಕೊಯ್ಲು ಶುರುವಾಗುವ ಮೊದಲು ಶೆಡ್ ಬಿಚ್ಚಿಕೊಂಡು ಕಣ ಬಿಟ್ಟುಕೊಡುವ ಮಾತನ್ನು ತೋಟದವರ ಹತ್ತಿರ ಕಾಗದದಲ್ಲೇ ಬರೆದಿಡುವುದು ಒಳ್ಳೆಯದು.

ಅಳತೆಗೆ ಬರೋಣ. ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತಲೆಗೆ ಕನಿಷ್ಠ 3.5 ಚದರ ಮೀಟರ್. ಚಳಿ ಪ್ರದೇಶದಲ್ಲಿ, ಅಡುಗೆಯೂ ಒಳಗೇ ಆದಾಗ, 4.5. ಐದು ಜನರಿಗೆ 6 x 4 ಮೀಟರ್ ಹೊಂದುತ್ತದೆ. ಸುತ್ತಲೂ 75 ಸೆಂ.ಮೀ. ಸೂರು ಬಿಟ್ಟರೆ ಮಾಡು (ಛಾವಣಿ) 41 ಚದರ ಮೀಟರ್. ದಿನಕ್ಕೆ 100 ಮಿ.ಮೀ. ಮಳೆಯಾದರೆ ಅದೊಂದರಿಂದಲೇ 4,000 ಲೀಟರ್ ನೀರು ಇಳಿಯುತ್ತದೆ. ಇಪ್ಪತ್ತು ಶೆಡ್ ಸಾಲಾಗಿದ್ದರೆ? ಆ ನೀರಿಗೆ ಚರಂಡಿ ಎಲ್ಲಿ ಮುಗಿಯುತ್ತದೆ ಎಂದು ತೋರಿಸದ ಪ್ಲಾನನ್ನು ವಾಪಸ್ ಕಳಿಸಬೇಕು. ಇಳಿಜಾರಿನಲ್ಲಿ ಇಂಗಿಸಲು ಹೋಗಬೇಡಿ.

ಮಾಡಿನ ಓಟ (ಇಳಿಜಾರು) 25–30 ಡಿಗ್ರಿ ಇರಲಿ. ಸ್ಕ್ರೂ ಬರಬೇಕಾದದ್ದು ಶೀಟಿನ ಉಬ್ಬಿನ ಮೇಲೆ, ರಬ್ಬರ್ ವಾಷರ್ ಸಮೇತ. ಅವಸರದಲ್ಲಿ ತಗ್ಗಿಗೆ ಹೊಡೆದ ಒಂದೊಂದು ಸ್ಕ್ರೂವೂ ಒಂದೊಂದು ಸೋರಿಕೆ. ಮೇಲು ಕೆಳಗಿನ ಶೀಟು 15 ಸೆಂ.ಮೀ. ಒಂದರ ಮೇಲೊಂದು ಬರಬೇಕು. ಮೂಲೆಗಳಿಗೆ ಓರೆ ಪಟ್ಟಿ ಕೊಡದಿದ್ದರೆ ಗಾಳಿಗೆ ಇಡೀ ಶೆಡ್ ಓಲಾಡುತ್ತದೆ.

ಇಷ್ಟು ಮಾಡಿದ ಮೇಲೂ "ಬೆಳಗಿನ ಜಾವ ಸೋರುತ್ತದೆ" ಎಂಬ ದೂರು ಬರುತ್ತದೆ. ಮಳೆ ನಿಂತ ರಾತ್ರಿಯೂ ಸೋರಿದರೆ ಅದು ತೂತಿನದಲ್ಲ. ಉಸಿರು, ಅಡುಗೆಯ ಹಬೆ, ಒದ್ದೆ ಬಟ್ಟೆಯ ತೇವ ತಣ್ಣಗಿನ ತಗಡಿಗೆ ತಾಗಿ ಹನಿಯಾಗಿ ಹಾಸಿಗೆಗೆ ಬೀಳುವುದು. ಎಂ-ಸೀಲ್ ಮೆತ್ತಿ ಪ್ರಯೋಜನವಿಲ್ಲ. ಶೀಟಿನ ಕೆಳಗೆ 15 ಸೆಂ.ಮೀ. ಬಿಟ್ಟು ಬಿದಿರ ತಟ್ಟಿಯನ್ನು ಮಾಡಿನ ಓಟಕ್ಕೇ ಕಟ್ಟಿ, ಎರಡೂ ತ್ರಿಕೋನ ಗೋಡೆಯ ತುದಿಯಲ್ಲಿ ಗಾಳಿಕಿಂಡಿ ಇಡಿ. ಮಳೆಯ ಸದ್ದೂ ತಗ್ಗುತ್ತದೆ. ಬರಿ ತಗಡಿನಡಿ ಪಕ್ಕದವರ ಮಾತೇ ಕೇಳಿಸದು. ಒಮ್ಮೆ ಗುಡ್ಡ ಕುಸಿದದ್ದನ್ನು ಕಂಡ ಮಕ್ಕಳು ಆ ಸದ್ದಿಗೆ ನಿದ್ದೆ ಮಾಡುತ್ತಾರಾ?

ನೆಲ 45 ಸೆಂ.ಮೀ. ಎತ್ತರ, ಕಾಂಕ್ರೀಟಿನಡಿ ದಪ್ಪ ಪ್ಲಾಸ್ಟಿಕ್ ಹಾಳೆ. ಮುಂದೆ ಒಂದೂವರೆ ಮೀಟರ್ ಜಗಲಿ. ಖರ್ಚಿನ ಬಾಬ್ತೆಂದು ಎಲ್ಲರೂ ಮೊದಲು ಹೊಡೆದುಹಾಕುವುದು ಅದನ್ನೇ. ಜಗಲಿಯಿಲ್ಲದಿದ್ದರೆ ಸೌದೆ, ಕೊಡೆ, ಬಟ್ಟೆ ಎಲ್ಲವೂ ಒಳಗೆ, ಹಿಂದೆಯೇ ಬೂಷ್ಟು.

ಶೌಚಾಲಯ 20 ಜನರಿಗೆ ಒಂದಾದರೂ, ಮನೆಯಿಂದ 50 ಮೀಟರ್ ಒಳಗೆ. ಇಂಗುಗುಂಡಿ ಜುಲೈಯಲ್ಲಿ ಕೆಲಸ ಮಾಡದು, ಮಣ್ಣೇ ನೀರು ಕುಡಿದು ಕುಳಿತಿರುತ್ತದೆ. ಮುಚ್ಚಿದ ಟ್ಯಾಂಕ್ ಇಟ್ಟು ಸಕ್ಕಿಂಗ್ ಲಾರಿಯಿಂದ ಖಾಲಿ ಮಾಡಿಸಿ. ಅಂದರೆ ಲಾರಿ ಬರುವ ರಸ್ತೆ ಜಾಗ ಆರಿಸುವಾಗಲೇ ಇರಬೇಕು.

ಜೋಡಣೆಯೆಲ್ಲ ಬೋಲ್ಟಿನದೇ ಇರಲಿ, ವೆಲ್ಡಿಂಗ್ ಬೇಡ. ಕಾಯಂ ಮನೆ ಸಿಕ್ಕ ಮೇಲೆ ಇದೇ ಶೀಟು, ಪೈಪು ಆ ಕುಟುಂಬದ ದನದ ಕೊಟ್ಟಿಗೆಗೋ ಸೌದೆ ಕೊಟ್ಟಿಗೆಗೋ ಹೋಗುತ್ತದೆ. ಆಗ ಶೀಟಿಗೆ ಮತ್ತೆ ತೂತು ಕೊರೆಯಬೇಡಿ. ಹಳೆ ತೂತಿನ ಅಳತೆಗೇ ರೀಪು ಹೊಡೆದು ವಾಷರ್ ಮಾತ್ರ ಹೊಸದು ಹಾಕಿ.